ರೇಡಿಯೇಟರಿನಲ್ಲಿ ಝುಣಕ

ಬಾನೆಟ್ ಎತ್ತಿ ರೇಡಿಯೇಟರಿನ ಮುಚ್ಚಳ ತಿರುವಿದ ಯಶವಂತನಿಗೆ ಒಳಗೆ ನೀರು ಕಾಣಲಿಲ್ಲ. ಹಾಲು ಹೆಚ್ಚಾದ ಚಹಾದ ಬಣ್ಣದ ಜಿಡ್ಡು ಕಂಡಿತು.

ಕಾರು ಅವನದಲ್ಲ. ಮೇಲಿನ ಮನೆಯ ಗುರುಸಿದ್ದಪ್ಪನವರದು. ಮಗಳು ವಿಜಯಶ್ರೀಯನ್ನು ಬಿಟ್ಟರೆ ಅವರು ಜೀವ ಇಟ್ಟುಕೊಂಡದ್ದು ಈ ಕಾರಿನ ಮೇಲೆಯೇ. ಇವತ್ತು ಸಂಜೆ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಕರೆಯಲು ಬಾ ಎಂದು ಕೀಲಿ ಕೊಟ್ಟು ದಿಲ್ಲಿಗೆ ಹೋಗಿದ್ದರು. ವಾಪಸ್ ಬರುವ ದಾರಿಯಲ್ಲಿ ವಿಜಯಶ್ರೀಯನ್ನು ಕೊಡುತ್ತೀರಾ ಎಂದು ಕೇಳಲು ಯಶವಂತ ಆಫೀಸಿಗೆ ರಜೆ ಹಾಕಿದ್ದ; ಏನೋ ಕೇಳುವುದಿದೆ ಎಂದು ಅವರಿಗೆ ಮೊದಲೇ ಹೇಳಿಯೂ ಇದ್ದ. ನಿನ್ನೆ ಒಳ್ಳೆಯವನೆನಿಸಿಕೊಳ್ಳುವ ಆಸೆಗೆ, ಕ್ಲೈಂಟ್ ಜೊತೆ ಫೋನಿನಲ್ಲಿ ಮಾತಾಡುತ್ತಲೇ, ಎಂಜಿನ್ನಿಗೆ ಎಣ್ಣೆ ಸುರಿದಿದ್ದ. ಯಾವ ಬಾಯಿಗೆ ಸುರಿದೆ? ನೆನಪಾಗಲಿಲ್ಲ.

ರೂಮ್‌ಮೇಟ್ ಕಾಶಿನಾಥ ಸಾಫ್ಟ್‌ವೇರ್ ಟೆಸ್ಟಿಂಗಿನವನು; ತಪ್ಪು ಕಂಡರೆ ಅವನಿಗೆ ಹಬ್ಬ. "ಲೇ ಯಶ್ಯಾ, ನೀರಾಗ ಎಣ್ಣಿ ಕೂಡೇತಿ! ಮಾವ ಆಗೋದ್ರಾಗ ಅವರ ಎಂಜಿನ್ ಕೊಂದಿ" ಎಂದವನೇ ಪಾತ್ರೆ ತೊಳೆಯುವ ಸೋಪು ಹುಯ್ದು ಗಾಡಿ ಚಾಲೂ ಮಾಡಿದ. ನೊರೆ ಉಕ್ಕಿತು. ಕಾರು ಕ್ಷೌರಕ್ಕೆ ಕೂತವನ ಗಲ್ಲದಂತಾಯಿತು.

ಕೆಳಗಿನ ಮನೆಯ ಗುಂಡಮ್ಮ ಬಂದು, ಜಿಡ್ಡು ಬೆರಳಿಗೆ ಹಚ್ಚಿ ಮೂಸಿದಳು. "ಔಡಲೆಣ್ಣಿ ನಾತ ಹೊಡಿತೈತಲ್ಲೋ ತಮ್ಮಾ!"

"ಕಾರಿಗೆ ಯಾರು ಔಡಲೆಣ್ಣಿ ಹಾಕ್ತಾರ, ಆಯೀ?" ಹರಳೆಣ್ಣೆ ಎಂದದ್ದಕ್ಕೆ ಕಾಶಿನಾಥ ನಕ್ಕ.

"ಯಾವದರ ಇರಲಿ. ದೀಪಾವಳ್ಯಾಗ ಎಣ್ಣಿ ಬಿಡಸಾಕ ನಿಮ್ಮವ್ವ ಮೈಗೆ ಏನ ಹಚ್ಚತಿದ್ಲು?"

ಯಶವಂತ ನೀರಿಗೆ ಹೋಗಿ ಬರುವಷ್ಟರಲ್ಲಿ ಗುಂಡಮ್ಮ ಬಟ್ಟಲು ತುಂಬ ಕಡಲೆಹಿಟ್ಟನ್ನು ರೇಡಿಯೇಟರಿಗೆ ಇಳಿಸಿದ್ದಳು. ಎಂಜಿನ್ ಕಾದಿತ್ತು. ಕೂಕಟ್‌ಪಲ್ಲಿಯ ಆ ಓಣಿಯಲ್ಲೆಲ್ಲ ಝುಣಕದ ವಾಸನೆ.

"ಉಪ್ಪೊಂದ ಕಮ್ಮಿ," ಎಂದ ಕಾಶಿನಾಥ.

ಯಶವಂತನಿಗೆ ಅಳು ಬಂತು. ಎಂಜಿನ್ ಆರಿದ ಮೇಲೆ ಕೆಳಗಿನ ಪೈಪು ಕಿತ್ತು, ಟ್ಯಾಂಕಿನ ನೀರು ಬಿಟ್ಟು, ಮಧ್ಯಾಹ್ನವಿಡೀ ಕಾರಿನಡಿ ಮಲಗಿ ತೊಳೆದ. ಹಳದಿ ಮುದ್ದೆ ಬಿತ್ತು, ನೊರೆ ಬಂತು, ಕೊನೆಗೆ ಕುಡಿಯಬಹುದಾದಂಥ ನೀರು. ಅಷ್ಟರಲ್ಲಿ ವಿಜಯಶ್ರೀಯ ಮೆಸೇಜು: "ಅಪ್ಪಾಜಿ ಫ್ಲೈಟ್ ಟೈಮಿಗೆ ಐತಿ. ಧೈರ್ಯ ಮಾಡಿ ಕೇಳು."

ದಾರಿಯುದ್ದಕ್ಕೂ ಅವನು ರಸ್ತೆಗಿಂತ ಹೀಟಿನ ಮುಳ್ಳನ್ನೇ ಹೆಚ್ಚು ನೋಡಿದ. ಮುಳ್ಳು ಮೇಲೇರಲಿಲ್ಲ.

ವಿಮಾನ ಇಳಿದು ಬಂದ ಗುರುಸಿದ್ದಪ್ಪನವರು ಇವನ ಮುಖ ನೋಡುವ ಮೊದಲು ಬಾನೆಟ್ ಎತ್ತಿಸಿದರು. ಆರಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಬೆರಳು ಅದ್ದಿದರು.

"ಎಣ್ಣಿ ಎಲ್ಲೈತಿ?"

"ತಪ್ಪಾತ್ರಿ ಕಾಕಾ. ನಾನ ಹಾಕಿಬಿಟ್ಟಿದ್ದೆ. ಎಲ್ಲಾ ತೊಳದೀನಿ, ಒಂದ ಹನಿ ಉಳಿಸಿಲ್ಲ."

"ನೀ ಎಲ್ಲಿ ಹಾಕಿದಿ? ಹಾಕಾಂವ ನಾನು! ಅಮಾಸಿಗೊಮ್ಮೆ ಒಂದ ಬಟ್ಟಲ ಔಡಲೆಣ್ಣಿ. ಮನಶ್ಯಾನ ನೆತ್ತಿಗೆ ತಂಪು ಅಂದಮ್ಯಾಲ ಎಂಜಿನ್ನಿಗೆ ತಂಪಲ್ಲೇನು?"

ಯಶವಂತ ಬಾಯಿ ತೆರೆಯುವಷ್ಟರಲ್ಲಿ ಅವರು ಡಿಕ್ಕಿಯಿಂದ ಬಾಟಲಿ ತಂದು ಪೂರ್ತಿ ಬಗ್ಗಿಸಿದರು. ಹಳೆಯ ಬಾಕಿಯೂ ತೀರಲಿ ಎಂಬಂತೆ.

ವಾಪಸ್ ದಾರಿಯಲ್ಲಿ ಆರಾಂಘರ್ ಚೌಕ ಮುಟ್ಟುವ ಮೊದಲೇ ಬಾನೆಟ್ಟಿನಿಂದ ಹೊಗೆ ಎದ್ದು ಕಾರು ನಿಂತಿತು. ಗುರುಸಿದ್ದಪ್ಪನವರು ಸ್ಟೇರಿಂಗ್ ಹಿಡಿದು ಕೂತರು. ಯಶವಂತ ಹಿಂದಿನಿಂದ ನೂಕಿದ. ಕಾರು ಮಿಸುಕಲಿಲ್ಲ.

"ನೋಡಿದೀ?" ಕಿಟಕಿಯಿಂದ ಅವರ ತಲೆ ಹೊರಬಂತು. "ವರ್ಷಾನುಗಟ್ಟಲೆ ಕುಡಿಸಿದ ಎಣ್ಣಿ ಒಂದ ದಿನದಾಗ ತಗದಿ. ಅದಕ್ಕ ಹೀಟ್ ಆತು! ಒಂದ ಕಾರ ಸಂಭಾಳಿಸಾಕ ಬರೂದಿಲ್ಲ ನಿನಗ. ಅದಿರಲಿ, ಏನೋ ಕೇಳಬೇಕು ಅಂದಿದ್ಯಲ್ಲ?"

ಯಶವಂತ ಬೆವರು ಒರೆಸಿಕೊಂಡ. ವಿಜಯಶ್ರೀಯ ಮೆಸೇಜು ನೆನಪಾಯಿತು. ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಹೇಳಿದ:

"ಏನಿಲ್ರಿ ಕಾಕಾ. ಹ್ಯಾಂಡ್‌ಬ್ರೇಕ್ ತಗೀರಿ."