ರುದ್ರಪ್ಪನವರ ಮೊಣಕಾಲು ಮತ್ತು ನೇರ ವೈದ್ಯಕೀಯ ಪ್ರವೇಶ

ಬಿಎಸ್ಸಿ ಮುಗಿಸಿದ ಮಕ್ಕಳು ಪ್ರವೇಶ ಪರೀಕ್ಷೆಯಿಲ್ಲದೆ ನೇರವಾಗಿ ವೈದ್ಯಕೀಯಕ್ಕೆ ಸೇರುವ ಮಾರ್ಗವೊಂದನ್ನು ಮೆಲ್ಬರ್ನ್‌ನ ವಿಶ್ವವಿದ್ಯಾಲಯವೊಂದು ತೆರೆದಿದೆ. ಷರತ್ತು ಒಂದೇ. ಬಿಎಸ್ಸಿಯ ಮೂರೂ ವರ್ಷ ವಿದ್ಯಾರ್ಥಿಯು ನೋವಿನಲ್ಲಿರುವ ಒಬ್ಬ ವೃದ್ಧರಿಗೆ ಕರುಣೆ ತೋರಿಸಿರಬೇಕು. ವೃದ್ಧರು ಬದಲಾಗಬಾರದು. ನೋವೂ ಬದಲಾಗಬಾರದು.

ಆ ನಗರದ ಹೊರವಲಯದ ಟ್ರುಗನಿನಾದ ಕನ್ನಡಿಗರ ಮನೆಗಳಲ್ಲಿ ವೃದ್ಧರಿಗೆ ಕೊರತೆಯಿಲ್ಲ. ಆದರೆ ಹೆಚ್ಚಿನವರು ವಿಸಿಟರ್ ವೀಸಾದವರು. ಕರುಣೆ ಹದಕ್ಕೆ ಬರುವಷ್ಟರಲ್ಲಿ ಊರಿಗೆ ಹೊರಡುತ್ತಾರೆ. ಧಾರವಾಡದ ರುದ್ರಪ್ಪನವರಿಗೆ ಕಾಯಂ ಆಗಿ ಉಳಿಯುವ ಪಿಆರ್ ಇತ್ತು. ಮೊಣಕಾಲು ನೋವೂ ಇತ್ತು. ಮೆಟ್ಟಿಲು ಹತ್ತಲಾಗದೆ ಮಗಳ ಮನೆಯ ಗ್ಯಾರೇಜಿನಲ್ಲಿ, ಕಾರಿನ ಪಕ್ಕ ಮಲಗುತ್ತಿದ್ದರು.

ಕನ್ನಡ ಸಂಘದ ಅಧ್ಯಕ್ಷ ಪಂಚಾಕ್ಷರಯ್ಯನವರು ಆ ಮೊಣಕಾಲಿಗೆ ಬುಕಿಂಗ್ ತೆರೆದರು. ಶನಿವಾರ ಮಕ್ಕಳು ಸರದಿಯಲ್ಲಿ ಬಂದು, ರುದ್ರಪ್ಪನವರ ಕೈ ಹಿಡಿದು, ತಲೆ ಒಂದು ಕಡೆ ವಾಲಿಸಿ, ಹೇಗನ್ನಿಸುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ತಾಯಂದಿರು ಫೋಟೋ ತೆಗೆಯುತ್ತಿದ್ದರು. ಎಡ ಮೊಣಕಾಲು ಭರ್ತಿಯಾದ ಮೇಲೆ ಬಲ ಮೊಣಕಾಲನ್ನು ಸಿಡ್ನಿಯ ಮಕ್ಕಳಿಗೆ ಬಿಡಲಾಯಿತು. ಆ ಕಾಲಿಗೆ ನೋವಿರಲಿಲ್ಲ. ವಿಮಾನ ಹತ್ತಿ ಬಂದವರೆಂದು ರುದ್ರಪ್ಪನವರು ಆಗಾಗ ಮುಖ ಕಿವುಚುತ್ತಿದ್ದರು.

ಎರಡನೇ ವರ್ಷದ ಕೊನೆಗೆ ಸರ್ಕಾರಿ ಆಸ್ಪತ್ರೆಯಿಂದ ಫೋನ್ ಬಂತು. ಆಪರೇಷನ್ನಿಗೆ ರುದ್ರಪ್ಪನವರ ಸರದಿ. ಮಂಗಳವಾರ ಬರಬೇಕು. ಅವರು ಚೀಲ ತುಂಬಿಟ್ಟರು. ಮಗಳು ಮಹಾಶ್ವೇತಾ ಮೇಲಿನ ಕೋಣೆ ಗುಡಿಸಿದಳು.

ಸೋಮವಾರ ಸಂಘದ ತುರ್ತು ಸಭೆ ಸೇರಿತು. ಪಂಚಾಕ್ಷರಯ್ಯನವರು ನಿಯಮ ಓದಿದರು: "ವೃದ್ಧರು ಅವಧಿಗೆ ಮುನ್ನ ಗುಣಮುಖರಾದಲ್ಲಿ ವಿದ್ಯಾರ್ಥಿಯ ಕರುಣೆಯನ್ನು ಅಪೂರ್ಣವೆಂದು ಪರಿಗಣಿಸಲಾಗುವುದು."

ವಿದ್ಯಾರ್ಥಿನಿ ಸಾನ್ವಿಯ ತಾಯಿ ಸುಜಾತಾ ಕಣ್ಣೊರೆಸಿಕೊಂಡರು. "ಅಂಕಲ್, ಇನ್ನೊಂದೇ ವರ್ಷ ಅಡ್ಜಸ್ಟ್ ಮಾಡ್ಕೊಳಿ."

"ನಿಮ್ಮ ಯಜಮಾನ್ರ ಸೊಂಟ ಹಿಡಿದೈತಲ್ಲ. ಅದು ನಡಿಯಂಗಿಲ್ಲೇನು?" ಎಂದರು ರುದ್ರಪ್ಪ.

"ಸೊಂಟ ನಡಿಯುತ್ತೆ ಅಂಕಲ್. ಅವರ ವಯಸ್ಸು ನಡಿಯಲ್ಲ."

ವಿಶ್ವವಿದ್ಯಾಲಯವನ್ನೂ ವಿಚಾರಿಸಲಾಯಿತು. ರೋಗಿಯ ಹಿತವೇ ತಮಗೆ ಮೊದಲು, ಆದ್ದರಿಂದ ರೋಗಿಯು ರೋಗಿಯಾಗಿಯೇ ಉಳಿಯತಕ್ಕದ್ದು ಎಂದು ಉತ್ತರ ಬಂತು.

ಆಪರೇಷನ್ ಮುಂದೂಡಲು ಸಭೆ ಒಮ್ಮತದಿಂದ ತೀರ್ಮಾನಿಸಿತು. ರುದ್ರಪ್ಪನವರೂ ಕೈ ಎತ್ತಿದ್ದರು. ಅಷ್ಟೂ ಮಕ್ಕಳ ಮುಖ ನೋಡಿ ಎತ್ತದಿರುವುದು ಕಷ್ಟವಾಯಿತಂತೆ. ಅವರಿಗೆ ಶಾಲು ಹೊದಿಸಲಾಯಿತು. ಏಳಲಾಗದ ಕಾರಣ ಕುರ್ಚಿಯಲ್ಲೇ.

ಮರುವರ್ಷ ಎಲ್ಲ ಮಕ್ಕಳಿಗೂ ನೇರ ಪ್ರವೇಶ ಸಿಕ್ಕಿತು. ಆಸ್ಪತ್ರೆಯ ಸರದಿಯಲ್ಲಿ ರುದ್ರಪ್ಪನವರು ಕೊನೆಗೆ ಹೋಗಿದ್ದರು. ಅಭಿನಂದನಾ ಸಮಾರಂಭದಲ್ಲಿ ಸಾನ್ವಿ ಬಂದು ಅವರ ಕಾಲಿಗೆ ನಮಸ್ಕರಿಸಿದಳು.

"ಡಾಕ್ಟರ್ ಆದಮ್ಯಾಲೆ ನೀನರ ಈ ಕಾಲು ರಿಪೇರಿ ಮಾಡವ್ವಾ" ಎಂದರು.

"ಸಾರಿ ಅಜ್ಜಾ. ಐ ವಾಂಟ್ ಟು ಡೂ ಸ್ಕಿನ್."

ರುದ್ರಪ್ಪನವರು ಧೋತರ ಮೇಲೆತ್ತಿ ಸ್ವಲ್ಪ ಹೊತ್ತು ನೋಡಿಕೊಂಡರು. "ಮೊಣಕಾಲ ಮ್ಯಾಲೂ ಚರ್ಮ ಐತಿ" ಎಂದರು.

ಪಂಚಾಕ್ಷರಯ್ಯನವರು ಅದನ್ನು ಸಭೆಯ ಮುಂದಿಟ್ಟರು. ಸಭೆ ಒಪ್ಪಿತು. ಸಾನ್ವಿ ಚರ್ಮತಜ್ಞೆಯಾದ ಕೂಡಲೇ ಆ ಭಾಗವನ್ನು ನೋಡತಕ್ಕದ್ದೆಂದು ನಿರ್ಣಯವಾಯಿತು. ಅಲ್ಲಿಯವರೆಗೆ ಮೊಣಕಾಲು ಮುಂದಿನ ತಂಡಕ್ಕೆ ಸಿಗಬಹುದೇ ಎಂದು ನಗರದ ಇನ್ನೊಂದು ತುದಿಯ ಕ್ರಾನ್‌ಬರ್ನ್‌ನಿಂದ ಬಂದ ತಂದೆಯೊಬ್ಬರು ಕೇಳಿದರು.

ಎಲ್ಲರೂ ರುದ್ರಪ್ಪನವರ ಕಡೆ ತಿರುಗಿದರು.

"ಖಾಲಿ ಯಾಕ ಇಡ್ತೀರಿ" ಎಂದರು ಅವರು. "ಕೊಡ್ರಿ."