ರೂತ್‌ಳ ಡೆಲಿಯಲ್ಲಿ ಮೂರನೆಯ 'ಬೇಡ'

'ಬೇಡ' ಎಂಬ ಮಾತನ್ನು ನಂಬಿ ಕೆಟ್ಟವರು ಲೋಕದಲ್ಲಿ ಎಷ್ಟು ಮಂದಿಯೋ ನಾನರಿಯೆ. ಅದನ್ನು ಹೇಳಿ ಕೆಟ್ಟವಳು ಮಾತ್ರ ನಾನು. ಮೈಸೂರಿನಲ್ಲಿ ನಮ್ಮಜ್ಜಿ ಕಲಿಸಿದ ಕ್ರಮ ಹೀಗಿತ್ತು: ಯಾರ ಮನೆಗೆ ಹೋದರೂ, ತಿಂಡಿ ಕೊಡಲು ಬಂದಾಗ ಮೊದಲು ಬೇಡ ಎನ್ನಬೇಕು. ಮತ್ತೆ ಕೇಳಿದರೆ ಮತ್ತೆ ಬೇಡ ಎನ್ನಬೇಕು, ಆದರೆ ಸ್ವಲ್ಪ ಮೆತ್ತಗೆ. ಮೂರನೆಯ ಸಲಕ್ಕೆ ತಟ್ಟೆ ಹೇಗೂ ಮುಂದೆ ಬಂದು ಕುಳಿತಿರುತ್ತದೆ, ಆಗ "ಅಯ್ಯೋ, ಇಷ್ಟೊಂದಾ?" ಎಂದು ಗೊಣಗಿ ಪೂರ್ತಿ ತಿನ್ನಬೇಕು. ಕಾನ್ವೆಂಟಿನ ಸಿಸ್ಟರುಗಳು ಇದರ ಮೇಲೆ 'ನೋ, ಥ್ಯಾಂಕ್ ಯೂ' ಎಂಬ ಪಾಲಿಶ್ ಹಚ್ಚಿದರು. ಹೀಗಾಗಿ ಎರಡು ಭಾಷೆಗಳಲ್ಲಿ ಉಪವಾಸ ಬೀಳುವಷ್ಟು ಎಜುಕೇಷನ್ ನನಗಾಯಿತು.

ನಮ್ಮವರು ತೀರಿಕೊಂಡ ಮೇಲೆ ಈ ವಿದ್ಯೆಯನ್ನೆಲ್ಲ ಹೊತ್ತುಕೊಂಡು ಮಿಶಿಗನ್ನಿನ ನಾರ್ತ್‌ವಿಲ್‌ನಲ್ಲಿರುವ ಮಗಳ ಮನೆಗೆ ಬಂದೆ. ನಮ್ಮ ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚಿನವು. ವಾಕಿಂಗ್ ಮುಗಿಸಿ ಬಂದು ಪಕ್ಕದ ಮನೆಯ ಗ್ಯಾರೇಜಿನ ಬಾಗಿಲಿಗೆ ನಮ್ಮ ಕೋಡ್ ಒತ್ತುತ್ತಾ ನಿಂತದ್ದುಂಟು. ಅದನ್ನು ಹೇಗೋ ಸಹಿಸಿಕೊಂಡೆ. ಸಹಿಸಲಾಗದ್ದು ಬೇರೆ. ಈ ದೇಶದಲ್ಲಿ ಬೇಡ ಎಂದರೆ ಬೇಡವೇ. ಕೇಳುತ್ತಾರೆ, ನೀವು ಬೇಡ ಎನ್ನುತ್ತೀರಿ, ತಟ್ಟೆ ಹೊರಟುಹೋಗುತ್ತದೆ. ಇದಕ್ಕೆ ಇಲ್ಲಿ ರೆಸ್ಪೆಕ್ಟ್ ಎಂದು ಹೆಸರು. ನನ್ನ ಮಗಳು ವಿದ್ಯಾಳಿಗೂ ಈಗ ನನ್ನ ಮೇಲೆ ಬಹಳ ರೆಸ್ಪೆಕ್ಟ್. "ಫ್ರಿಜ್ಜಲ್ಲಿ ಎಲ್ಲಾ ಇದೆ ಅಮ್ಮ, ಬೇಕಾದ್ರೆ ಬಿಸಿ ಮಾಡ್ಕೊಂಡು ಹಾಕ್ಕೋ" ಎಂದು ಹೇಳಿ ಮೀಟಿಂಗಿಗೆ ಕೂರುತ್ತಾಳೆ. ಒಳ್ಳೆಯ ಹುಡುಗಿ, ಒಂದು ಮಾತು ಅನ್ನುವಂತಿಲ್ಲ. ಆದರೆ ಫ್ರಿಜ್ಜಿನ ಮುಂದೆ ನಿಂತು ನನಗೆ ನಾನೇ ಬೇಡ ಎಂದು, ನನಗೆ ನಾನೇ ಬಲವಂತ ಮಾಡಿಕೊಂಡು ಎಷ್ಟು ದಿನ ಊಟ ಮಾಡಲಿ?

ಶುಕ್ರವಾರ ವಿದ್ಯಾಳಿಗೆ ಆ್ಯನ್ ಆರ್ಬರಿನಲ್ಲಿ ಆಫೀಸು. ಅದು ಕಾಲೇಜಿನ ಊರು. ಟೆಂಪರೇಚರ್ ಸೊನ್ನೆಗಿಂತ ಕೆಳಗಿಳಿದರೂ ಚಡ್ಡಿ ಹಾಕಿಕೊಂಡು ಓಡಾಡುವ ಬುದ್ಧಿವಂತ ಮಕ್ಕಳು ಬೀದಿಯ ತುಂಬ ಇರುತ್ತಾರೆ. ಮನೆಯಲ್ಲಿ ಒಬ್ಬಳೇ ಬೇಡವೆಂದು ಅವಳು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಅಲ್ಲಿಯ ಒಂದು ಯಹೂದಿ ಡೆಲಿಯಲ್ಲಿ ಇಳಿಸಿ ಹೋಗುತ್ತಿದ್ದಳು. ಡೆಲಿ ಎಂದರೆ ಅರ್ಧ ಅಂಗಡಿ, ಅರ್ಧ ಹೋಟೆಲು. ಊರೆಲ್ಲ ಅದರ ಮಾಂಸದ ಸ್ಯಾಂಡ್‌ವಿಚ್ಚಿಗೆ ಪ್ರಾಣ ಬಿಡುತ್ತದೆ. ಅಂಥಲ್ಲಿಗೆ ನಾನು, ಹುಟ್ಟಾ ವೆಜಿಟೇರಿಯನ್ನು, ಹೋಗಿ ಕೂರುವುದೆಂದರೆ ಹೆಂಡದಂಗಡಿಗೆ ನಿಂಬೆ ಪಾನಕ ಕುಡಿಯಲು ಹೋದ ಹಾಗೆ. ಆದರೂ ನನಗೆಂದು ಲಾಟ್‌ಕೆ ಇತ್ತು: ಆಲೂಗಡ್ಡೆ ತುರಿದು, ತಟ್ಟಿ, ಗರಿಗರಿಯಾಗಿ ಕರಿದದ್ದು, ಜೊತೆಗೆ ಸೇಬಿನ ಗೊಜ್ಜು. ಅದಕ್ಕೆ ಮೊಟ್ಟೆ ಹಾಕಿರುತ್ತಾರೆ ಎಂದು ವಿದ್ಯಾ ಒಮ್ಮೆ ಹೇಳಿದಳು. ಆವತ್ತು ನನ್ನ ಕಿವಿ ಯಾಕೋ ಮಂದವಾಗಿತ್ತು.

ಆದರೆ ನಾನು ಹೋಗುತ್ತಿದ್ದದ್ದು ಲಾಟ್‌ಕೆಗಲ್ಲ, ರೂತ್‌ಗಾಗಿ. ಡೆಲಿಯ ಯಜಮಾನಿ, ನನ್ನದೇ ವಯಸ್ಸು, ಕೆಂಪು ಲಿಪ್‌ಸ್ಟಿಕ್ಕು. ಮೊದಲ ದಿನ ಇನ್ನೊಂದು ಲಾಟ್‌ಕೆ ಬೇಕೇ ಎಂದು ಕೇಳಿದಳು. ನಾನು ಸಿಸ್ಟರುಗಳು ಮೆಚ್ಚುವ ಹಾಗೆ ನೋ, ಥ್ಯಾಂಕ್ ಯೂ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನು ನೋ? ಕೈ ನೋಡ್ಕೋ, ಕಡ್ಡಿ ಆಗಿದೆ. ತಿನ್ನು" ಎಂದು ಎರಡು ಹಾಕಿಯೇಬಿಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು. ನಮ್ಮಜ್ಜಿ ಲಿಪ್‌ಸ್ಟಿಕ್ ಹಚ್ಚಿಕೊಂಡು ಮಿಶಿಗನ್ನಿನಲ್ಲಿ ಮತ್ತೆ ಹುಟ್ಟಿದ್ದಾಳೆ ಎಂದುಕೊಂಡೆ. ಅಂದಿನಿಂದ ನನ್ನ ವಾರದಲ್ಲಿ ಇದ್ದದ್ದು ಶುಕ್ರವಾರ ಒಂದೇ. ಅವಳಿಗೆ ಮಂಡಿ ಆಪರೇಷನ್ ಎಂದು ಗೊತ್ತಾದಾಗ ಇಲ್ಲಿಯ ನಮ್ಮ ದೇವಸ್ಥಾನದಲ್ಲಿ ಅರ್ಚನೆಯನ್ನೂ ಮಾಡಿಸಿದೆ. ಗೋತ್ರ ಗೊತ್ತಿಲ್ಲ ಎಂದದ್ದಕ್ಕೆ ಅರ್ಚಕರು ಕಾಶ್ಯಪ ಎಂದು ಹೇಳಿ ಮುಗಿಸಿದರು. ಈ ವಿಷಯ ರೂತ್‌ಗೆ ಇನ್ನೂ ತಿಳಿಸಿಲ್ಲ.

ಆಪರೇಷನ್ ಆದ ಮೇಲೆ ಹೋದರೆ ಕೌಂಟರಿನಲ್ಲಿ ರೂತ್ ಇಲ್ಲ. ಅವಳ ಜಾಗದಲ್ಲಿ ಆರ್ಡರ್ ಒತ್ತುವ ಒಂದು ಸ್ಕ್ರೀನು. ಅವಳ ಮಗ ಬೆನ್ ಹಾಕಿಸಿದ್ದು. ಒಂದು ಲಾಟ್‌ಕೆ ಒತ್ತಿದೆ. ಇನ್ನೊಂದು ಬೇಕೇ ಎಂದು ಕೇಳಿತು. ವಾಡಿಕೆಯಂತೆ 'ನೋ, ಥ್ಯಾಂಕ್ಸ್' ಒತ್ತಿ, ಸ್ವಲ್ಪ ಸಂಕೋಚದಿಂದ ನಕ್ಕು, ಎರಡನೆಯ ಸಲ ಕೇಳಲಿ ಎಂದು ಕಾದೆ. ಅದು ಕೇಳಲಿಲ್ಲ. ಹಿಂದಿದ್ದ ಚಡ್ಡಿಯ ಹುಡುಗ "ಮ್ಯಾಮ್, ಆರ್ ಯೂ ಡನ್?" ಎಂದ. ಟಿಪ್ ಕೇಳುವಾಗ ಮಾತ್ರ ಆ ಸ್ಕ್ರೀನಿಗೆ ಎಲ್ಲಿಲ್ಲದ ಉಪಚಾರ ನೆನಪಾಗಿ, ಇಷ್ಟೋ, ಅಷ್ಟೋ, ಇನ್ನೂ ಜಾಸ್ತಿಯೋ ಎಂದು ಬಲವಂತ ಮಾಡಿತು.

ಬೆನ್‌ನನ್ನು ಹಿಡಿದು, ನಿಮ್ಮ ತಾಯಿ ಯಾವಾಗ ಬರುತ್ತಾರೆ ಎಂದು ಕೇಳಿದೆ. ಇನ್ನು ಬರುವುದಿಲ್ಲ, ನಿಲ್ಲಕೂಡದು ಎಂದು ಡಾಕ್ಟರ್ ಹೇಳಿದ್ದಾರೆ, ಅಲ್ಲದೆ ಸ್ಟೂಡೆಂಟ್‌ಗಳಿಗೆ ಸ್ಕ್ರೀನೇ ಇಷ್ಟ, ಯಾರೂ ಬಾದರ್ ಮಾಡುವುದಿಲ್ಲವಲ್ಲ ಎಂದ. ಹೌದಪ್ಪ. ಈ ಭೂಖಂಡದಲ್ಲಿ ನನ್ನನ್ನು ಬಾದರ್ ಮಾಡಲು ಉಳಿದಿದ್ದವಳು ಅವಳೊಬ್ಬಳೇ. ಅಮ್ಮ ಮೇಲ್ಗಡೆಯೇ ಇರುತ್ತಾಳೆ, ಬೇಕಾದರೆ ಹೋಗಿ ನೋಡಿ ಎಂದೂ ಅವನೇ ಹೇಳಿದ.

ಮುಂದಿನ ಶುಕ್ರವಾರ ಕಡಲೆಬೇಳೆ, ಬೆಲ್ಲ, ತುಪ್ಪ ಹಾಕಿ ಹಯಗ್ರೀವ ಮಾಡಿಕೊಂಡು ಮೆಟ್ಟಿಲು ಹತ್ತಿದೆ. ಹೇಗಾದರೂ ಮಾಡಿ ಅವಳನ್ನು ಕೆಳಗೆ ಕರೆತರಬೇಕು, ಕುರ್ಚಿ ಹಾಕಿ ಕೂರಿಸಿದರೂ ಸರಿ ಎಂದು ನನ್ನ ಪ್ಲಾನು. ರೂತ್ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಟೀವಿ ನೋಡುತ್ತಿದ್ದಳು. ಲಿಪ್‌ಸ್ಟಿಕ್ ಇರಲಿಲ್ಲ. ಡಬ್ಬಿ ತೆರೆದೆ. ಶುಗರ್ ಇದೆ, ಬೇಡ ಎಂದಳು. ಒಂದೇ ಚಮಚ ಎಂದೆ. ಬೇಡ ಎಂದಳು. ನಾನು ಶಾಸ್ತ್ರ ಬಲ್ಲವಳು, ಮೂರನೆಯ ಸಲ ಚಮಚವನ್ನು ಬಾಯಿಯ ಹತ್ತಿರಕ್ಕೇ ಒಯ್ದೆ.

"ಸ್ವೀಟ್‌ಹಾರ್ಟ್, ಬೇಡ ಅಂದ್ರೆ ಬೇಡ."

"ನಾನು ಬೇಡ ಅಂದಾಗ ನೀನು ಒಂದು ದಿನವಾದರೂ ಕೇಳಿದೀಯಾ?"

"ಅದು ಬಿಸಿನೆಸ್. ಬೇಡ ಅಂದವರನ್ನೆಲ್ಲ ನಂಬಿದ್ದಿದ್ರೆ ಈ ಅಂಗಡಿ ಯಾವತ್ತೋ ಮುಚ್ಚಿರ್ತಿತ್ತು."

ಚಮಚ ನನ್ನ ಕೈಯಲ್ಲೇ ಉಳಿಯಿತು. ಬೇರೇನೂ ತೋಚದೆ ನಾನೇ ತಿಂದೆ. ಏಲಕ್ಕಿ ಜಾಸ್ತಿಯಾಗಿತ್ತು. ಕೆಳಗೆ ಬಾ ಎಂದು ಕರೆಯಲು ಆಮೇಲೆ ಬಾಯಿ ಬರಲಿಲ್ಲ. ಅವಳೇ ಹೇಳಿದಳು, ಕಾಲು ಉಳಿಸಿಕೊಳ್ಳಬೇಕು, ಮುಗೀತು, ಇನ್ನು ಆ ಕೌಂಟರಿಗೆ ಹೋಗುವುದಿಲ್ಲ ಎಂದು. ಸ್ವಲ್ಪ ಹೊತ್ತು ಇಬ್ಬರೂ ಟೀವಿ ನೋಡಿದೆವು. ಕೆಳಗೆ ವಿದ್ಯಾಳ ಹಾರ್ನ್ ಕೇಳಿ ಎದ್ದೆ. ಆಗ ರೂತ್, ಟೀವಿಯಿಂದ ಕಣ್ಣು ತೆಗೆಯದೆ, "ಇನ್ಮೇಲೆ ಶುಕ್ರವಾರ ಇಲ್ಲಿಗೇ ಬಾ. ಲಾಟ್‌ಕೆ ಎಲ್ಲ ಇಲ್ಲ, ಬರೀ ಟೋಸ್ಟು" ಎಂದಳು.

ನಾನು ಏನೆಂದೆ ಗೊತ್ತೇ? "ನೋ ನೋ, ನಿನಗ್ಯಾಕೆ ತೊಂದರೆ" ಎಂದೆ.

"ಓಕೆ" ಎಂದಳು ರೂತ್.

ಹೊರಗೆ ಬಂದು ಶೂ ಹಾಕಿಕೊಳ್ಳುವುದರಲ್ಲಿ ಆದಷ್ಟು ನಿಧಾನ ಮಾಡಿದೆ. ನಮ್ಮ ಕಡೆ ಎರಡನೆಯ ಕರೆ ಬರುವುದು ಚಪ್ಪಲಿ ಮೆಟ್ಟಿದ ಮೇಲೆಯೇ. ಒಳಗಿನಿಂದ ಟೀವಿಯ ಸದ್ದಷ್ಟೇ ಬಂತು. ಹಾರ್ನ್ ಮತ್ತೊಮ್ಮೆ ಆಯಿತು. ಅಜ್ಜಿಯನ್ನೂ ಸಿಸ್ಟರುಗಳನ್ನೂ ಮನಸ್ಸಿನಲ್ಲೇ ಕ್ಷಮೆ ಕೇಳಿ ಬಾಗಿಲು ತಟ್ಟಿದೆ. ಶುಕ್ರವಾರ ಎಷ್ಟು ಗಂಟೆಗೆ ಬರಲಿ ಎಂದು ಕೇಳಿದೆ. ರೂತ್ ಆಶ್ಚರ್ಯವನ್ನೇನೂ ಪಡದೆ, ಹನ್ನೆರಡಕ್ಕೆ ಎಂದಳು.

ಕಾರಿನಲ್ಲಿ ವಿದ್ಯಾ, "ಯಾಕಮ್ಮ ಇಷ್ಟು ಲೇಟು?" ಎಂದಳು.

"ಏನು ಮಾಡಲಿ," ಎಂದೆ, "ಬೇಡ ಬೇಡ ಅಂದ್ರೂ ಬಿಡಲಿಲ್ಲ ಕಣೇ. ಪ್ರತಿ ಶುಕ್ರವಾರ ಮನೆಗೇ ಬರ್ಬೇಕಂತೆ. ತುಂಬಾ ಬಲವಂತ."