ವಿಜಯವಾಡದಿಂದ ಬಂದ ಒರಳು

ವಿಶಾಖಪಟ್ಟಣದ ಹಕ್ಕಿಗಳಿಗೆ ಕನ್ನಡ ಬರುತ್ತದೆ. ನಗಬೇಡಿ! ಇದು ನನ್ನ ಮಾತಲ್ಲ, ನನ್ನ ಅತ್ತೆಯದು. ಬರೀ ಕನ್ನಡವಲ್ಲ, ಧಾರವಾಡದ ಕನ್ನಡ. ಗೊರವಂಕಕ್ಕೆ ಪೂರ್ತಿ ಬರುತ್ತದಂತೆ. ಕಾಗೆಗೆ ಬರುತ್ತದೆ, ಆದರೆ ಬಾರದವರಂತೆ ನಟಿಸುತ್ತದಂತೆ. ಪಾರಿವಾಳ ಮಾತ್ರ ಏನು ಹೇಳಿದರೂ ತಲೆಯಾಡಿಸುತ್ತದೆ, ಒಳಗೇನೂ ಇಳಿಯುವುದಿಲ್ಲ. "ಥೇಟ್ ನಿನ್ನಂಗ ನೋಡು" ಎಂದು ಅವಳು ನನಗೇ ಹೇಳಿದ್ದಾಳೆ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ತೆಲುಗಿನವರೊಬ್ಬರನ್ನು ಮದುವೆಯಾಗಿ ಈ ಊರಿಗೆ ಬಂದು ನಲವತ್ತೈದು ವರ್ಷವಾಯಿತು. ಮಾವ ತೆಲುಗು, ಹಾಲಿನವನು ತೆಲುಗು, ನೆರೆಮನೆ ತೆಲುಗು, ಟೀವಿ ತೆಲುಗು. ಹೀಗಾಗಿ ದಿನಾ ಬೆಳಿಗ್ಗೆ ಆರೂವರೆಯಿಂದ ಏಳರವರೆಗೆ ಅವಳು ಹಿತ್ತಲಿನ ಕಣಗಿಲೆ ಗಿಡದ ಕೆಳಗೆ ಕುಳಿತು, ಅಲ್ಲಿಟ್ಟ ಅಗಲವಾದ ಮಣ್ಣಿನ ಬಾನಿಗೆ ನೀರು ಕುಡಿಯಲು ಬರುವ ಹಕ್ಕಿಗಳ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಳು. "ಏ, ಒಬ್ಬೊಬ್ಬರೇ ಬರ್ರಿ! ನೀರೇನು ಓಡಿ ಹೊಕ್ಕಾವೇನು?" "ಯಾಕವಾ, ನಿನ್ನ ಗಂಡ ಎಲ್ಲಿ ಹ್ವಾದ ಇವತ್ತ?" ನಾನು ಪರವಾಡದ ಒಂದು ಔಷಧ ಕಂಪನಿಗೆ ಕೆಲಸಕ್ಕೆ ಬಂದು ಅವಳ ಮನೆಯ ಮೇಲಿನ ಕೋಣೆ ಹಿಡಿದ ಮೇಲೆ, ಕನ್ನಡ ಮಾತಾಡಲು ಅವಳಿಗೆ ಒಬ್ಬ ಮನುಷ್ಯನೂ ಸಿಕ್ಕಂತಾಯಿತು. ಆದರೂ ಮೊದಲ ಅರ್ಧ ಗಂಟೆ ಹಕ್ಕಿಗಳದೇ. ನನ್ನ ಸರದಿ ಆಮೇಲೆ.

ಆ ಬಾನಿಯನ್ನು ನಾನು ಒಡೆದೆ.

ಹೇಗೆ ಒಡೆದೆ ಎಂಬುದನ್ನು ಸರಿಯಾಗಿ ಹೇಳಬೇಕು. ಏಕೆಂದರೆ ಅದರಲ್ಲಿ ಬೇರೆ ಯಾರ ಪಾಲೂ ಇಲ್ಲ. ಕಂಪನಿಯಲ್ಲಿ ನನ್ನದು ಶುಚಿತ್ವ ಪರೀಕ್ಷಿಸುವ ಕೆಲಸ. ಒಂದು ಭಾನುವಾರ ಬಾನಿಯ ಒಳಗೋಡೆಯಲ್ಲಿ ಹಸಿರು ಪಾಚಿ ಕಂಡಿತು. ಕಂಡ ಮೇಲೆ ಸುಮ್ಮನಿರಲು ನನಗೆ ಸಂಬಳ ಕೊಡುತ್ತಾರೆಯೇ? ಬಾನಿಯನ್ನು ಮೂರು ಸಲ ಉಜ್ಜಿದೆ, ಎರಡು ಸಲ ತೊಳೆದೆ, ಕೊನೆಗೆ ಕ್ರಿಮಿಗಳು ಉಳಿಯಬಾರದೆಂದು ಒಂದು ಪಾತ್ರೆ ಕುದಿಯುವ ನೀರು ಸುರಿದೆ. ಟಕ್ ಎಂದಿತು. ಜೋರಾಗಿ ಅಲ್ಲ. ಪೂರ್ವದ ಅಂಚಿನಿಂದ ಒಂದು ಗೆರೆ ಹೊರಟು ನಿಧಾನವಾಗಿ ಪಶ್ಚಿಮದ ಅಂಚು ಮುಟ್ಟಿತು. ಬಾನಿ ಎರಡು ಹೋಳಾಯಿತು. ಎರಡೂ ಹೋಳು ಅತ್ಯಂತ ಶುಚಿಯಾಗಿದ್ದವು!

ಅತ್ತೆ ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. ಅವಳು ಅಂದಿನಿಂದ ನನ್ನೊಡನೆ ತೆಲುಗಿನಲ್ಲಿ ಮಾತಾಡತೊಡಗಿದಳು. "ಭೋಜನಂ ಚೇಶಾರಾಂಡಿ?" ಊಟವಾಯಿತೇ ಎಂದು, ಅದೂ ಬಹುವಚನದಲ್ಲಿ! ಮರ್ಯಾದೆ ಇಷ್ಟು ನೋಯಿಸಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಹಕ್ಕಿಗಳು ಎರಡು ದಿನ ಬಂದು ನೋಡಿ, ಮೂರನೆಯ ದಿನ ಬರುವುದನ್ನೇ ಬಿಟ್ಟವು. ಬೆಳಗಿನ ಆರೂವರೆಗೆ ಅತ್ತೆ ಕಣಗಿಲೆಯ ಕೆಳಗೆ ಸುಮ್ಮನೆ ಕುಳಿತಿರುತ್ತಿದ್ದಳು. ನಾನು ಅದನ್ನು ಮೇಲಿನ ಕಿಟಕಿಯಿಂದ ನೋಡುತ್ತಿದ್ದೆ. ಹಕ್ಕಿಗಳನ್ನು ವಾಪಸು ಕರೆಸದೆ ಆ ಮನೆಯಲ್ಲಿ ನನ್ನ ತುತ್ತು ಗಂಟಲಲ್ಲಿ ಇಳಿಯುವಂತಿರಲಿಲ್ಲ.

ಮೊದಲು ಪ್ಲಾಸ್ಟಿಕ್ ತೊಟ್ಟಿ ತಂದೆ. ಕಡಲ ಗಾಳಿಗೆ ಅದು ನೆರೆಮನೆಗೆ ಹಾರಿಹೋಯಿತು. ನಮ್ಮ ಹಿತ್ತಲಿನಿಂದ ಆ ವಾರ ಹಾರಿದ್ದು ಅದೊಂದೇ. ಆಮೇಲೆ ಆನ್‌ಲೈನಿನಲ್ಲಿ ಮೂರಂತಸ್ತಿನ ಕಾರಂಜಿ ತರಿಸಿದೆ. ಕರೆಂಟಿಗೆ ಹಾಕಿದರೆ ನೀರು ಚಿಮ್ಮುತ್ತಿತ್ತು, ಕೆಂಪು-ನೀಲಿ ದೀಪ ಹತ್ತುತ್ತಿತ್ತು. ಒಂದು ಕಾಗೆ ಬಂದು ಗೋಡೆಯ ಮೇಲೆ ಕುಳಿತು, ಕತ್ತು ಓರೆ ಮಾಡಿ ನಾಲ್ಕು ನಿಮಿಷ ನೋಡಿ ಹೊರಟುಹೋಯಿತು. ನೆರೆಮನೆಯವರು ಬಂದು, ಹೋಟೆಲು ಯಾವಾಗ ಶುರು ಎಂದು ಕೇಳಿದರು.

ಅಷ್ಟು ದಿನದ ಮೇಲೆ ಅತ್ತೆ ತಡೆಯಲಾರದೆ ಕನ್ನಡಕ್ಕೆ ಬಂದಳು. "ಹಕ್ಕೀಗೆ ಜಾತ್ರಿ ಬೇಕಾಗಿಲ್ಲೋ ಹುಚ್ಚಪ್ಯಾಲಿ. ಕಾಲು ಜಾರಬಾರದು. ಕಲ್ಲು ಬೇಕು, ಕಲ್ಲು!"

ಕಲ್ಲು ಎಂದಾಗ ಮಾವ ಪೇಪರಿನಿಂದ ತಲೆಯೆತ್ತಿ, ವಿಜಯವಾಡದ ತಮ್ಮ ಹಳೆಯ ಮನೆಯಲ್ಲಿ ಒಂದು ಅಗಲ ಬಾಯಿಯ ಒರಳಿದೆ, ಅಲ್ಲಿ ಅತ್ತಿಗೆ ಈಗ ಮಿಕ್ಸಿಯಲ್ಲೇ ರುಬ್ಬುತ್ತಾರೆ, ಹೋಗಿ ಕೇಳು ಎಂದರು. ಅತ್ತೆ ಎದ್ದು ಒಳಗೆ ಹೋದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡು ಮರುದಿನವೇ ಕಾರು ಮಾಡಿಕೊಂಡು ಹೊರಟೆ.

ಮಾವನ ಅತ್ತಿಗೆ ಎಂಬತ್ತರ ಹತ್ತಿರದವರು. ನಾನು ಅವರನ್ನು ದೊಡ್ಡತ್ತೆ ಎನ್ನುತ್ತೇನೆ. ಒರಳು ಬೇಕಿತ್ತು ಎಂದೆ. ಅವರ ಮುಖ ಅರಳಿತು. "ಶುಭಕಾರ್ಯಾನಿಕೇನಾ ಬಾಬು?" ಎಂದರು. ಶುಭಕಾರ್ಯಕ್ಕೇನಪ್ಪ ಎಂದು.

ಈಗ ನೀವೇ ಹೇಳಿ. ಅಷ್ಟು ಹಿರಿಯರ ಮುಂದೆ ನಿಂತು, ನಿಮ್ಮ ಮನೆಯ ಒರಳಿನಲ್ಲಿ ಕಾಗೆ ಸ್ನಾನ ಮಾಡಬೇಕಾಗಿದೆ ಎನ್ನಲು ಬಾಯಿ ಬರುತ್ತದೆಯೇ? ನಾನು ಎಚ್ಚರಿಕೆಯಿಂದ ಯೋಚಿಸಿದೆ. ಬೇಸಿಗೆಯಲ್ಲಿ ಬಾಯಾರಿದ ಜೀವಕ್ಕೆ ನೀರಿಡುವುದು ಶುಭಕಾರ್ಯವೇ ತಾನೆ? ಸುಳ್ಳೇನೂ ಇಲ್ಲ. "ಅವುನಂಡಿ" ಎಂದೆ, ಹೌದು ಎಂದು.

ಆ ಮನೆಯ ಒರಳು ಹೊಸಿಲು ದಾಟುವುದು ಮದುವೆಗೆ ಮಾತ್ರ ಎಂಬುದು ನನಗೇನು ಗೊತ್ತು! ಕುಟುಂಬದಲ್ಲಿ ಯಾರದೇ ಮದುವೆಯಿರಲಿ, ಎಲ್ಲೇ ಇರಲಿ, ಮೊದಲ ಅರಿಶಿನ ಕುಟ್ಟುವುದು ಅದೇ ಒರಳಿನಲ್ಲಂತೆ. ಇಂಥ ಶಾಸ್ತ್ರ ನಮ್ಮ ಕಡೆಯೂ ಇದೆ ಎಂದು ಆಮೇಲೆ ಅಮ್ಮ ಹೇಳಿದಳು. ನಾನು ಮದುವೆಗಳಿಗೆ ಊಟದ ಹೊತ್ತಿಗೆ ಹೋಗುವವನು.

ಹತ್ತು ನಿಮಿಷದಲ್ಲಿ ಅಕ್ಕಪಕ್ಕದ ಹೆಂಗಸರು ಬಂದರು. ಎಣಿಸಿದೆ, ಹನ್ನೊಂದು ಜನ. ಒರಳನ್ನು ತೊಳೆದು ಅರಿಶಿನ ಬಳಿದರು, ಕುಂಕುಮ ಇಟ್ಟರು, ದಾರದಲ್ಲಿ ಅರಿಶಿನದ ಕೊಂಬು ಕಟ್ಟಿ ಅದರ ಸುತ್ತ ಬಿಗಿದರು. ಐವರು ಒನಕೆ ಹಿಡಿದು ಕುಟ್ಟಿದರು, ಉಳಿದವರು ಹಾಡಿದರು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಅಲ್ಲಿಯವರೆಗೂ ನಾನು, ವಿಜಯವಾಡದವರು ಹಕ್ಕಿಗಳನ್ನು ಎಷ್ಟು ಗೌರವಿಸುತ್ತಾರಲ್ಲ ಎಂದು ಮೆಚ್ಚಿಕೊಳ್ಳುತ್ತಿದ್ದೆ!

"ಅಮ್ಮಾಯಿ ಎವರು ಬಾಬು?" ಎಂದು ಒಬ್ಬರು ಕೇಳಿದರು. ಹುಡುಗಿ ಯಾರು?

ಆಗ ಅರ್ಥವಾಯಿತು. ನಿಜ ಹೇಳಬೇಕಾಗಿದ್ದ ಕ್ಷಣ ಅದೇ. ಬಾಯಿ ತೆರೆದೆ. ಯಾರೋ ಅದರೊಳಗೆ ಲಡ್ಡು ಇಟ್ಟರು.

ಒರಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆವು. ಒನಕೆ ಕಿಟಕಿಯಿಂದ ಹೊರಗೆ ಚಾಚಿಕೊಂಡಿತ್ತು. ದಾರಿಯಲ್ಲಿ ತುನಿ ಎಂಬ ಊರು ದಾಟುವಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಓಡಿತ್ತು; ಧಾರವಾಡದಿಂದ ಅಮ್ಮನ ಫೋನು. "ಊರಿಗೆಲ್ಲಾ ಹೇಳಿ, ಹಡೆದಾಕಿಗೆ ಒಬ್ಬಾಕಿಗೇ ಹೇಳಬಾರದು ಅನ್ನಿಸ್ತೇನೋ?" ಅಳುತ್ತಿದ್ದಳು. ಸೀರೆ ಅಂಗಡಿಯಿಂದ ಮಾತಾಡುತ್ತಿದ್ದಳು.

ಅತ್ತೆ ಒರಳನ್ನು ನೋಡಿದಳು. ಅರಿಶಿನ ನೋಡಿದಳು, ಕಟ್ಟಿದ ದಾರ ನೋಡಿದಳು, ನನ್ನನ್ನು ನೋಡಿದಳು. "ಮದಿವಿಗೆ ಕಂಕಣ ಕಟ್ಟಿದ ಒರಳ ಇದು. ಮದಿವಿ ಆಗೂತನಕ ಇದರಾಗ ಕಾಗಿ ಇಳಿಯೂಹಂಗಿಲ್ಲ" ಎಂದಳು.

"ಹಂಗಾರ ಏನು ಮಾಡೂದತ್ತಿ? ನಾನೇ ಮದಿವಿ ಆಗ್ಲೇನು?"

"ಹಕ್ಕಿಗೆ ನೀರಿಡಬೇಕು ಅಂತ ಯಾ ಹುಡುಗಿ ನಿನ್ನ ಕಟಗೋತಾಳೋ?"

ನಾಲ್ಕು ದಿನ ಒರಳು ಕಣಗಿಲೆಯ ಕೆಳಗೆ ಹಳದಿಯಾಗಿ, ಒಣಗಿ ಕುಳಿತಿತ್ತು. ಅತ್ತೆಯೂ ಅದರ ಎದುರು ಹಾಗೆಯೇ ಕುಳಿತಿರುತ್ತಿದ್ದಳು. ಮೊದಲು ಬಾನಿ ಒಡೆದು ಹಕ್ಕಿ ಓಡಿಸಿದ್ದೆ. ಈಗ ಒರಳು ತಂದೂ ಓಡಿಸಿದ್ದೆ! ಐದನೆಯ ದಿನ ಬೆಳಿಗ್ಗೆ ನಾನು ದೊಡ್ಡತ್ತೆಗೆ ಫೋನು ಮಾಡಿ, ಪಾಚಿಯಿಂದ ಲಡ್ಡುವಿನವರೆಗೆ ಒಂದನ್ನೂ ಬಿಡದೆ ಒಪ್ಪಿಸಿದೆ.

ಬೈಗುಳಕ್ಕೆ ಕಾಯುತ್ತಿದ್ದೆ. ಆಮೇಲೆ ತೆಲುಗಿನಲ್ಲಿ ಅವರು ಹೇಳಿದ್ದನ್ನು, ಅತ್ತೆಯ ಹತ್ತಿರ ಹೋಗಿ, ಮಾತು ಹೆಚ್ಚುಕಡಿಮೆ ಮಾಡದೆ ಕನ್ನಡದಲ್ಲಿ ಹೇಳಿದೆ:

"ಆ ಒರಳು ನಿನ್ನ ಅತ್ತೆಯ ಮದುವೆಗೆ ಹೋಗಲಿಲ್ಲಪ್ಪ. ನಾವು ಕಳಿಸಲಿಲ್ಲ. ಆಗ ನಾನು ಆ ಮನೆಯಲ್ಲಿ ಬರೀ ಸೊಸೆ, ಕಳಿಸೋಣ ಎನ್ನುವ ಧೈರ್ಯ ನನಗಿರಲಿಲ್ಲ. ಈಗ ಅವಳ ಮನೆಗೇ ಹೋಗಿದೆಯಲ್ಲ. ಅಲ್ಲೇ ಇರಲಿ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. "ರಿಜಿಸ್ಟರ್ ಮದಿವಿ ನಮ್ಮದು" ಎಂದಳು. "ಎರಡೂ ಕಡಿಯವರು ಯಾರೂ ಬರ್ಲಿಲ್ಲ. ನಿಮ್ಮಪ್ಪನೂ ಬರ್ಲಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಅವಳು ಒಳಗೆ ಹೋಗಿ ಅರಿಶಿನದ ಐದು ಕೊಂಬು ತಂದು ಒರಳಿಗೆ ಹಾಕಿದಳು. "ಏವಂಡೀ" ಎಂದು ಮಾವನನ್ನು ಕೂಗಿದಳು. ಎಪ್ಪತ್ತು ದಾಟಿದ ಮಾವ ಬಂದು ನೋಡಿ ಚಪ್ಪಲಿ ಬಿಟ್ಟರು. ಇಬ್ಬರೂ ಒಂದೇ ಒನಕೆ ಹಿಡಿದು ಮೂರು ಸಲ ಕುಟ್ಟಿದರು. ಮೂರನೆಯ ಪೆಟ್ಟು ಒರಳಿನ ಅಂಚಿಗೆ ಬಿತ್ತು. ಆಮೇಲೆ ಅತ್ತೆ ದಾರ ಬಿಚ್ಚಿ, ಒರಳು ತೊಳೆದು, ಆಳವಾಗದಂತೆ ತಳಕ್ಕೆ ಬೆಣಚುಕಲ್ಲು ತುಂಬಿಸಿ ನೀರು ಹಾಕಿದಳು. ನೀರು ತಿಳಿ ಹಳದಿಯಾಗಿತ್ತು. ಅದನ್ನು ಪರೀಕ್ಷಿಸಬೇಕೆಂದು ನನಗೆ ಅನ್ನಿಸಲಿಲ್ಲ.

ಸಂಜೆ ಎರಡು ಗೊರವಂಕ ಬಂದವು. ಒಂದು ಅಂಚಿನ ಮೇಲೆ ನಿಂತಿತು, ಇನ್ನೊಂದು ಇಳಿದೇ ಬಿಟ್ಟು ರೆಕ್ಕೆ ಬಡಿಯತೊಡಗಿತು. ಅತ್ತೆ ನನ್ನ ಫೋನು ಇಸಿದುಕೊಂಡಳು. ವಿಜಯವಾಡಕ್ಕೆ ಹಚ್ಚಿಕೊಡು ಎಂದಳು. ಆ ಕಡೆ ದನಿ ಕೇಳಿದಾಗ "ಅಕ್ಕಾ" ಎಂದಳು. ಮೆಲ್ಲನೆ "ವಿನಂಡಿ" ಎಂದಳು, ಕೇಳಿ ಎಂದು. ಆಮೇಲೆ ಹಕ್ಕಿ ಬೆದರದಂತೆ ಒಂದೊಂದೇ ಹೆಜ್ಜೆ ಇಡುತ್ತ ಒರಳಿನ ಹತ್ತಿರ ಹೋಗಿ, ನೀರು ಚಿಮ್ಮುವ ಕಡೆಗೆ ಫೋನನ್ನು ಹಿಡಿದಳು.